ಗೆದ್ದ ಮೇಲೆ ಬಾಗಿಲು ಹಾಕಿಕೊಂಡವನು

ಹಿಟ್ ಆದ ಮೇಲೆ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ಲೋಕದ ಹತ್ತಿರ ಇರೋದು ಒಂದೇ ಉತ್ತರ: ಇನ್ನೊಂದು ಹಿಟ್. ಸಿನಿಮಾ ಓಡಿತಾ, ಪಾರ್ಟ್ ಟೂ ತೆಗಿ. ಈ ವರ್ಷದ ಟಾರ್ಗೆಟ್ ಮುಟ್ಟಿದ್ಯಾ, ಮುಂದಿನ ವರ್ಷಕ್ಕೆ ಅದರ ಮೇಲೆ ಇನ್ನಷ್ಟು ಸೇರಿಸು. ಮದುವೆ ಆಯ್ತಾ, ಮಗು ಯಾವಾಗ? ಒಂದು ಮೆಟ್ಟಿಲು ಹತ್ತಿ ಉಸಿರು ಬಿಡೋ ಅಷ್ಟರಲ್ಲಿ ಮೇಲಿನ ಮೆಟ್ಟಿಲು ತೋರಿಸೋಕೆ ಹತ್ತು ಜನ ರೆಡಿ ಇರ್ತಾರೆ.

ಆ ಮೇಲಿನ ಮೆಟ್ಟಿಲು ಕಣ್ಣೆದುರೇ ಇದ್ದಾಗ ಅದನ್ನು ಬಿಟ್ಟು, ತನ್ನ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ ಒಬ್ಬ ಹಾಡುಗಾರನ ವಿಷಯ ಈ ಸಲ. ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಅಮೆರಿಕದ ನ್ಯೂಜೆರ್ಸಿಯವನು. ಹಾಡು ಬರೆಯೋದೂ ಅವನೇ, ರಾಗ ಹಾಕೋದೂ ಅವನೇ, ಹಾಡೋದೂ ಅವನೇ. ಆಲ್ಬಂ ಹೆಸರು ‘ನೆಬ್ರಾಸ್ಕಾ’, ವರ್ಷ 1982. ಆ ಹಾಡುಗಳನ್ನು ರೆಕಾರ್ಡ್ ಮಾಡಿದಾಗ ಅವನಿಗೆ 32 ವರ್ಷ. ಇದನ್ನು ಮೊಬೈಲಿನಲ್ಲಿ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು.

‘ನಂಗೆ ರಾಕ್ ಮ್ಯೂಸಿಕ್ ಆಗಲ್ಲಪ್ಪ’ ಅಂತ ಸ್ಕ್ರಾಲ್ ಮಾಡಬೇಡಿ. ಈ ಆಲ್ಬಮ್ಮಿನಲ್ಲಿ ಡ್ರಮ್ಸ್ ಇಲ್ಲ, ಗದ್ದಲ ಇಲ್ಲ. ಹೆಚ್ಚಾಗಿ ಒಬ್ಬ ಮನುಷ್ಯ, ಒಂದು ಗಿಟಾರು, ಒಂದು ಮೌತ್ ಆರ್ಗನ್, ಹಿಂದೆ ಟೇಪಿನ ಸಣ್ಣ ಸುಯ್ಯೆನ್ನುವ ಸದ್ದು. ಅಷ್ಟೇ.

ಮೊದಲು ಗೆಲುವಿನ ಲೆಕ್ಕ

ಬ್ರೂಸ್‌ಗೆ ಹೆಸರು ಬಂದಿದ್ದು 1975ರಲ್ಲಿ, ‘ಬಾರ್ನ್ ಟು ರನ್’ ಆಲ್ಬಂನಿಂದ. ಆ ವರ್ಷ ಅಕ್ಟೋಬರಿನ ಒಂದೇ ವಾರದಲ್ಲಿ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡೂ ಪತ್ರಿಕೆಗಳು ಅವನ ಫೋಟೊವನ್ನು ಮುಖಪುಟಕ್ಕೆ ಹಾಕಿದವು. ಆದರೆ ಪಟ್ಟಿಯಲ್ಲಿ ನಂಬರ್ ಒನ್ ಅನ್ನೋದು ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1980ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ದಿ ರಿವರ್’ ಜತೆಗೆ. ಎರಡು ಎಲ್‌ಪಿ, 20 ಹಾಡು. ಅದರೊಳಗಿನ ‘ಹಂಗ್ರಿ ಹಾರ್ಟ್’ ಅಮೆರಿಕದ ಸಿಂಗಲ್ಸ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ರೇಡಿಯೊ ಹಾಕಿದ್ರೆ ಅವನದ್ದೇ ದನಿ.

ಆಮೇಲೆ ಟೂರ್. ಅಮೆರಿಕ, ಯುರೋಪ್, ಮತ್ತೆ ಅಮೆರಿಕ. ಸುಮಾರು ಒಂದು ವರ್ಷ. ಒಂದೊಂದು ಶೋ ಮೂರು ಗಂಟೆಗೂ ಹೆಚ್ಚು. 1981ರ ಸೆಪ್ಟೆಂಬರಿನಲ್ಲಿ ಟೂರ್ ಮುಗಿಯಿತು. ಬ್ಯಾಂಡಿನವರೆಲ್ಲ ತಮ್ಮ ತಮ್ಮ ಮನೆಗೆ ಹೋದರು. ಬ್ರೂಸ್ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಅನ್ನೋ ಕಡೆ, ಒಂದು ಜಲಾಶಯದ ಪಕ್ಕ ತಾನು ಹಿಡಿದಿದ್ದ ಬಾಡಿಗೆ ಮನೆಗೆ ಬಂದ. ಹೆಂಡತಿ ಇಲ್ಲ, ಮಕ್ಕಳಿಲ್ಲ. ರಾತ್ರಿ ರಾತ್ರಿ ಸಾವಿರಾರು ಜನ ಹೆಸರು ಕೂಗುತ್ತಿದ್ದ ಕಿವಿಗೆ ಈಗ ಕೇಳಿಸುತ್ತಿದ್ದುದು ಬರೀ ಫ್ರಿಜ್ಜಿನ ಸದ್ದು ಅಂತ ನಾನು ಕಲ್ಪಿಸಿಕೊಳ್ತೀನಿ.

ರೆಕಾರ್ಡ್ ಕಂಪನಿಗೆ ಬೇಕಿದ್ದುದು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ‘ದಿ ರಿವರ್’ ಥರದ್ದೇ, ಅದಕ್ಕಿಂತ ದೊಡ್ಡದು.

ಬೆಡ್‌ರೂಮಿನ ಸ್ಟುಡಿಯೊ

ಅವನಿಗೆ ಒಂದು ಸಮಸ್ಯೆ ಇತ್ತು. ಸ್ಟುಡಿಯೊದಲ್ಲಿ ಕೂತು ಹಾಡು ಬರೆಯುತ್ತಾ ತಿಂಗಳುಗಟ್ಟಲೆ ಸಮಯ, ರಾಶಿ ದುಡ್ಡು ಖರ್ಚಾಗುತ್ತಿತ್ತು. ಈ ಸಲ ಮನೆಯಲ್ಲೇ ಹಾಡು ಬರೆದು, ಕಚ್ಚಾ ರೂಪದಲ್ಲಿ ಟೇಪ್ ಮಾಡಿಕೊಂಡು, ಚೆನ್ನಾಗಿದ್ದರೆ ಮಾತ್ರ ಬ್ಯಾಂಡಿಗೆ ಕೊಡೋಣ ಅಂತ ಅವನ ಯೋಚನೆ. ತನ್ನ ಗಿಟಾರುಗಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕನಿಗೆ ಒಂದು ಟೇಪ್ ಮಷೀನ್ ತರಲು ಹೇಳಿದ. ಬಂದದ್ದು ಟಿಯಾಕ್ 144. ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಲ್ಲ ಮೊದಲ ಯಂತ್ರ ಅದು, 1979ರಲ್ಲಷ್ಟೇ ಮಾರ್ಕೆಟ್ಟಿಗೆ ಬಂದಿತ್ತು. ಜತೆಗೆ ಎರಡು ಸಾಧಾರಣ ಮೈಕು.

ಕಿತ್ತಳೆ ಬಣ್ಣದ ದಪ್ಪ ಕಾರ್ಪೆಟ್ ಹಾಸಿದ ಬೆಡ್‌ರೂಮಿನಲ್ಲಿ ಕೂತು ಹಾಡಿದ. 1982ರ ಜನವರಿ ಮೊದಲ ವಾರದ ಹೊತ್ತಿಗೆ ಹೆಚ್ಚಿನ ಹಾಡುಗಳು ಟೇಪಿಗೆ ಇಳಿದಿದ್ದವು. ನಾಲ್ಕೂ ಟ್ರ್ಯಾಕನ್ನು ಒಂದು ಮಾಡಿ ಇಳಿಸಿಕೊಂಡಿದ್ದು ಯಾವುದರ ಮೇಲೆ ಗೊತ್ತಾ? ಒಂದು ಹಳೇ ಪ್ಯಾನಸಾನಿಕ್ ಟೂ-ಇನ್-ಒನ್ ಮೇಲೆ. ನಮ್ಮ ಮನೆಗಳಲ್ಲಿ ಶೋಕೇಸಿನ ಮೇಲೆ ಕಸೂತಿ ಬಟ್ಟೆ ಹೊದಿಸಿ ಇಡ್ತಿದ್ರಲ್ಲ, ಅದೇ ಜಾತಿಯದ್ದು. ಅದೂ ಒಮ್ಮೆ ನೀರಿಗೆ ಬಿದ್ದು, ಸತ್ತೇ ಹೋಯ್ತು ಅಂದುಕೊಂಡ ಮೇಲೆ ತಾನಾಗಿ ಜೀವ ಹಿಡಿದಿದ್ದ ಸೆಟ್ಟು.

ಆ ಕ್ಯಾಸೆಟ್ಟನ್ನು ಬ್ರೂಸ್ ಕವರ್ ಕೂಡ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡಿದ. ಬೀಗದ ಕೈ, ಚಿಲ್ಲರೆ ಜತೆಗೆ. ಅವನ ಪಾಲಿಗೆ ಅದು ಇನ್ನೂ ಆಲ್ಬಂ ಅಲ್ಲ, ಬರೀ ರಫ್ ಕಾಪಿ.

ಟೇಪಿನಲ್ಲಿ ಏನಿತ್ತು?

ನಂಬರ್ ಒನ್ ಆದವನು ನಂಬರ್ ಒನ್ ಆದ ಖುಷಿಯ ಬಗ್ಗೆ ಬರೆದಿರಲಿಲ್ಲ. ಮೊದಲ ಹಾಡೇ ಒಬ್ಬ ಕೊಲೆಗಾರನದ್ದು. 1958ರಲ್ಲಿ ನೆಬ್ರಾಸ್ಕಾ ರಾಜ್ಯವನ್ನು ನಡುಗಿಸಿದ 19 ವರ್ಷದ ಚಾರ್ಲ್ಸ್ ಸ್ಟಾರ್ಕ್‌ವೆದರ್ ಪ್ರಕರಣ. ಅದನ್ನು ಆಧರಿಸಿ 1973ರಲ್ಲಿ ಟೆರೆನ್ಸ್ ಮಾಲಿಕ್ ತೆಗೆದ ‘ಬ್ಯಾಡ್‌ಲ್ಯಾಂಡ್ಸ್’ ಸಿನಿಮಾ ನೋಡಿ ಬ್ರೂಸ್ ತಲೆಯಲ್ಲಿ ಅದು ಕೂತುಬಿಟ್ಟಿತ್ತು. ಹಾಡಿನಲ್ಲಿ ಕೊಲೆಗಾರ ‘ನಾನು’ ಅಂತಲೇ ಮಾತಾಡ್ತಾನೆ. ಅಳೋದಿಲ್ಲ, ಕೂಗೋದಿಲ್ಲ. ಹಾಲಿನ ಲೆಕ್ಕ ಒಪ್ಪಿಸುವ ಹಾಗೆ ಸಮಾಧಾನವಾಗಿ ಹೇಳ್ತಾನೆ. ಮೈ ಜುಮ್ಮೆನ್ನೋದು ಅದಕ್ಕೇ.

ಇನ್ನೊಂದು ಹಾಡಿನಲ್ಲಿ ಕಾರು ಫ್ಯಾಕ್ಟರಿ ಮುಚ್ಚಿ ಕೆಲಸ ಕಳಕೊಂಡವನು ಕುಡಿದು ಗುಂಡು ಹಾರಿಸ್ತಾನೆ, 99 ವರ್ಷ ಜೈಲು ಬೀಳುತ್ತೆ. ಮತ್ತೊಂದರಲ್ಲಿ ಪೊಲೀಸ್ ಅಣ್ಣ ತಪ್ಪು ಮಾಡಿದ ತಮ್ಮನ ಕಾರನ್ನು ಬೆನ್ನಟ್ಟಿ ಹೋಗಿ, ಕೆನಡಾ ಗಡಿಯ ಹತ್ತಿರ ಗಾಡಿ ಬದಿಗೆ ನಿಲ್ಲಿಸಿ, ಅವನು ಹೋಗೋದನ್ನು ಸುಮ್ಮನೆ ನೋಡ್ತಾನೆ. ಇವು ಬರೀ ಕಟ್ಟುಕಥೆಗಳಲ್ಲ, ಕಾಲವೂ ಹಾಗೇ ಇತ್ತು. 1982ರ ಕೊನೆಗೆ ಅಮೆರಿಕದಲ್ಲಿ ನಿರುದ್ಯೋಗ ಶೇ 10 ದಾಟಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಲ್ಬಂನ ಮೂರು ಹಾಡು. ‘ಮ್ಯಾನ್ಷನ್ ಆನ್ ದ ಹಿಲ್’, ‘ಯೂಸ್ಡ್ ಕಾರ್ಸ್’, ‘ಮೈ ಫಾದರ್ಸ್ ಹೌಸ್’. ಇವುಗಳಲ್ಲಿ ಬಂದೂಕು ಇಲ್ಲ, ಪೊಲೀಸ್ ಇಲ್ಲ. ಒಂದು ಮಗು ಇದೆ, ಒಬ್ಬ ಅಪ್ಪ ಇದ್ದಾನೆ. ಅಪ್ಪ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋದನ್ನು ನೋಡ್ತಾನೆ ಹುಡುಗ. ಕಾರು ಮನೆಗೆ ಬಂದಾಗ ಅಕ್ಕಪಕ್ಕದವರೆಲ್ಲ ಹೊಸ ಗಾಡಿ ನೋಡೋ ಹಾಗೆ ಬಂದು ನೋಡ್ತಾರೆ. ಹುಡುಗನಿಗೆ ಮಾತ್ರ ಒಳಗೊಳಗೇ ಅವಮಾನ, ಜತೆಗೆ ಅಪ್ಪನ ಬಗ್ಗೆ ಸಂಕಟ. ಸೆಕೆಂಡ್ ಹ್ಯಾಂಡ್ ಮಾರುತಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿದ ಮನೆಗಳಲ್ಲಿ ಬೆಳೆದ ನಮಗೆ ಇದಕ್ಕೆ ಅನುವಾದ ಬೇಕಾಗಲ್ಲ.

ಆ ಹುಡುಗ ಬ್ರೂಸೇ. ಅವನು ಬೆಳೆದದ್ದು ಫ್ರೀಹೋಲ್ಡ್ ಅನ್ನೋ ಸಣ್ಣ ಊರಿನಲ್ಲಿ. ಮೊದಲ ಕೆಲವು ವರ್ಷ ಅಜ್ಜ ಅಜ್ಜಿಯ ಮನೆ. ಆ ಮನೆ ಪೂರ್ತಿ ಬೆಚ್ಚಗಾಗಲು ಇದ್ದುದು ಒಂದೇ ಸೀಮೆಎಣ್ಣೆ ಒಲೆ. ಅಪ್ಪ ಡಗ್ಲಸ್ ಒಂದು ಕೆಲಸದಲ್ಲಿ ನಿಲ್ಲಲಿಲ್ಲ. ಕಾರ್ಖಾನೆ, ಜೈಲು ಕಾವಲು, ಬಸ್ ಡ್ರೈವರ್, ಹೀಗೆ. ರಾತ್ರಿ ಅಡುಗೆಮನೆಯ ದೀಪ ಆರಿಸಿ, ಕತ್ತಲಲ್ಲಿ ಬಿಯರ್ ಹಿಡಿದು ಕೂತಿರುತ್ತಿದ್ದ. ಮಗನ ಜತೆ ಮಾತಿಲ್ಲ. ಮಾತಾಡಿದರೆ ಜಗಳ. ಅಪ್ಪನದ್ದು ಬರೀ ಸಿಟ್ಟಲ್ಲ, ಮಾನಸಿಕ ಕಾಯಿಲೆ ಅಂತ ಮನೆಯವರಿಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಇದನ್ನೆಲ್ಲ ಬ್ರೂಸ್ 2016ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ.

ಅಂದ್ರೆ ಲೆಕ್ಕ ಹಾಕಿ. ಹದಿನೈದು ವರ್ಷ ಆ ಅಡುಗೆಮನೆಯಿಂದ ಓಡಿದ. ರಸ್ತೆ, ಕಾರು, ರಾತ್ರಿ, ಸ್ವಾತಂತ್ರ್ಯ ಅಂತ ಹಾಡಿದ. ಓಡಿ ಓಡಿ ತುದಿ ಮುಟ್ಟಿದ. ತುದಿಯಲ್ಲಿ ನಿಂತು ತಿರುಗಿ ನೋಡಿದರೆ ಅದೇ ಅಡುಗೆಮನೆ, ಅದೇ ಕತ್ತಲು.

ಹಿಟ್ ಕೈಯಲ್ಲೇ ಇತ್ತು

ಈಗ ಬರುತ್ತೆ ನನಗೆ ತುಂಬಾ ಇಷ್ಟದ ಭಾಗ. ಏಪ್ರಿಲ್ ಹೊತ್ತಿಗೆ ಬ್ಯಾಂಡ್ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೊದಲ್ಲಿ ಸೇರಿತು. ಇ ಸ್ಟ್ರೀಟ್ ಬ್ಯಾಂಡ್ ಅಂದ್ರೆ ಸಾಮಾನ್ಯದವರಲ್ಲ. ಕ್ಯಾಸೆಟ್ಟಿನ ಹಾಡುಗಳನ್ನು ಒಂದೊಂದಾಗಿ ಎತ್ತಿಕೊಂಡು ಪೂರ್ತಿ ವಾದ್ಯಗಳ ಜತೆ ನುಡಿಸಿದರು. ನುಡಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಹಾಡಿನೊಳಗಿದ್ದ ಆ ಒಂಟಿ ಮನುಷ್ಯ ಕಾಣೆಯಾಗಿದ್ದ. ಬ್ರೂಸ್ ಒಬ್ಬನೇ ಸ್ಟುಡಿಯೊದಲ್ಲಿ ಕೂತು ಮತ್ತೆ ಹಾಡಿ ನೋಡಿದ. ಅದೂ ಬರಲಿಲ್ಲ. ಚೆನ್ನಾಗಿ ಮಾಡಿದಷ್ಟೂ ಕೆಡ್ತಾ ಹೋಯ್ತು.

ಆದರೆ ಅದೇ ಕ್ಯಾಸೆಟ್ಟಿನಲ್ಲಿದ್ದ ಒಂದು ಹಾಡು ಮಾತ್ರ ಬ್ಯಾಂಡ್ ಕೈಗೆ ಸಿಕ್ಕಿದ್ದೇ ಸಿಡಿಲಿನ ಹಾಗೆ ಎದ್ದು ನಿಂತಿತು. ಅದು ‘ಬಾರ್ನ್ ಇನ್ ದ ಯುಎಸ್‌ಎ’. ಆ ಕೆಲವು ವಾರಗಳಲ್ಲಿ ಇನ್ನೂ ಎಷ್ಟೋ ಹೊಸ ಹಾಡುಗಳು ತಯಾರಾದವು. ಮುಂದೆ 1984ರಲ್ಲಿ ಅದೇ ಹೆಸರಿನ ಆಲ್ಬಂ ಆಗಿ ಬಂದು, ಅದರ ಏಳು ಹಾಡುಗಳು ಅಮೆರಿಕದ ಟಾಪ್ ಟೆನ್ ಸೇರಿ, ಅವನನ್ನು ಜಗತ್ತಿನ ದೊಡ್ಡ ಸ್ಟಾರ್ ಮಾಡಿದ್ದರ ದೊಡ್ಡ ಪಾಲು 1982ರ ಮೇ ಹೊತ್ತಿಗೇ ಟೇಪಿನಲ್ಲಿತ್ತು!

ಯೋಚನೆ ಮಾಡಿ. ಒಂದು ಕೈಯಲ್ಲಿ ಆ ಕಾಲದ ಅತಿ ದೊಡ್ಡ ಹಿಟ್. ಇನ್ನೊಂದು ಕೈಯಲ್ಲಿ ಜೇಬಿನಲ್ಲಿ ತಿರುಗಿ ಗೀಚಿಹೋದ ಒಂದು ಕ್ಯಾಸೆಟ್. ನಿಮ್ಮ ಮ್ಯಾನೇಜರ್ ಆಗಿದ್ದರೆ ಯಾವುದನ್ನು ಮೊದಲು ಬಿಡುಗಡೆ ಮಾಡು ಅಂತಿದ್ರು?

ಬ್ರೂಸ್ ಕ್ಯಾಸೆಟ್ಟನ್ನೇ ಬಿಡುಗಡೆ ಮಾಡೋಣ ಅಂದ. ಹಾಡನ್ನಲ್ಲ, ಆ ಕ್ಯಾಸೆಟ್ಟನ್ನೇ. ಮತ್ತೆ ರೆಕಾರ್ಡ್ ಮಾಡೋದಿಲ್ಲ, ಅಲ್ಲಿರೋ ಸದ್ದೇ ಬೇಕು. ಅವನ ಮ್ಯಾನೇಜರ್ ಜಾನ್ ಲ್ಯಾಂಡೌ ಒಪ್ಪಿಕೊಂಡ. ಕೇಳೋಕೆ ಸುಲಭ, ಮಾಡೋಕೆ ತಲೆನೋವು. ಅಷ್ಟು ಸಣ್ಣ ಸದ್ದಿನ ಕ್ಯಾಸೆಟ್ಟಿನಿಂದ ಎಲ್‌ಪಿ ತಟ್ಟೆ ಕೊರೆಯೋದು ತಂತ್ರಜ್ಞರಿಗೆ ಆಗ್ತಾನೇ ಇರಲಿಲ್ಲ. ತಟ್ಟೆಯ ಮೇಲೆ ಮುಳ್ಳು ನೆಟ್ಟಗೆ ಓಡ್ತಿರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಟೇಪ್ ಅಲೆದಾಡಿ, ಅಂತೂ ಇಂತೂ ಕೆಲಸ ಆಯ್ತು.

ಸೆಪ್ಟೆಂಬರಿನಲ್ಲಿ ‘ನೆಬ್ರಾಸ್ಕಾ’ ಹೊರಬಂತು. ಹತ್ತು ಹಾಡು. ಕವರಿನ ಮೇಲೆ ಅವನ ಮುಖ ಇಲ್ಲ. ಕಾರಿನ ಗಾಜಿನೊಳಗಿಂದ ಕಾಣೋ ಬರಿದಾದ ರಸ್ತೆಯ ಕಪ್ಪು ಬಿಳುಪು ಚಿತ್ರ. ಟೂರ್ ಇಲ್ಲ. ಅಮೆರಿಕದಲ್ಲಿ ಸಿಂಗಲ್ ಇಲ್ಲ. ‘ಅಟ್ಲಾಂಟಿಕ್ ಸಿಟಿ’ ಹಾಡಿಗೊಂದು ವಿಡಿಯೊ ಮಾಡಿದರು, ಅದರಲ್ಲೂ ಅವನಿಲ್ಲ. ಆದರೂ ಆಲ್ಬಂ ಪಟ್ಟಿಯ 3ನೇ ಸ್ಥಾನಕ್ಕೆ ಹೋಯಿತು. ಜನ ಹುಡುಕಿಕೊಂಡು ಬಂದು ಕೇಳಿದರು.

ಬ್ಯಾಂಡ್ ಜತೆ ನುಡಿಸಿದ ಆ ವರ್ಷನ್ನುಗಳು 2025ರ ಅಕ್ಟೋಬರಿನಲ್ಲಿ ಅಧಿಕೃತವಾಗಿ ಹೊರಬಂದಿವೆ. ಅದೇ ಸಮಯಕ್ಕೆ ಈ ಆಲ್ಬಂ ಹುಟ್ಟಿದ ಕಥೆಯ ಸಿನಿಮಾವೂ ಬಂತು, ಜೆರೆಮಿ ಅಲೆನ್ ವೈಟ್ ಬ್ರೂಸ್ ಪಾತ್ರದಲ್ಲಿ. ಈಗ ಎರಡೂ ರೂಪ ಕೇಳಿ ನೀವೇ ತೀರ್ಪು ಕೊಡಬಹುದು. ನಾನು ಕೇಳಿದೆ. ಬ್ಯಾಂಡ್ ಚೆನ್ನಾಗಿದೆ. ಬೆಡ್‌ರೂಮು ನಿಜ.

ಗೆದ್ದವನ ಬೇಜಾರು

ಈ ಆಲ್ಬಂ ನನಗೆ ಹತ್ತಿರ ಆಗಿದ್ದಕ್ಕೆ ಕಾರಣ ಹೇಳ್ತೀನಿ. ಮೂರು ವರ್ಷದ ಹಿಂದೆ ನನಗೆ ಪ್ರಮೋಷನ್ ಸಿಕ್ಕಿತು. ಆರು ವರ್ಷದಿಂದ ಕಾಯ್ತಿದ್ದದ್ದು. ತಿಪಟೂರಿನಲ್ಲಿ ಅಮ್ಮ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿ, ಬೀದಿಗೆಲ್ಲ ಪೇಡ ಹಂಚಿದರು. ಟೀಮಿನವರು ಕೇಕ್ ಕತ್ತರಿಸಿದರು. ಲಿಂಕ್ಡ್‌ಇನ್ ತುಂಬಾ ಅಭಿನಂದನೆ. ಎರಡು ವಾರ ಎಲ್ಲಾ ಚೆನ್ನಾಗಿತ್ತು.

ಆಮೇಲೆ ಸಂಜೆ ಆಫೀಸಿನಿಂದ ಬಂದು, ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸಿ, ಮೇಲೆ ಮನೆಗೆ ಹೋಗದೆ ಸ್ಟಿಯರಿಂಗ್ ಹಿಡಿದು ಕೂತುಬಿಡೋದು ಶುರುವಾಯ್ತು. ಹತ್ತು ನಿಮಿಷ, ಅರ್ಧ ಗಂಟೆ. ಅಳು ಬರ್ತಿರಲಿಲ್ಲ, ಏನೂ ಬರ್ತಿರಲಿಲ್ಲ. ಊಟ ಸೇರ್ತಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರ.

ಯಾರಿಗೆ ಹೇಳೋದು? ನಮ್ಮಲ್ಲಿ ಸೋತವರಿಗೆ ಸಮಾಧಾನ ಹೇಳೋಕೆ ಜನ ಇರ್ತಾರೆ. ಕೆಲಸ ಹೋದ್ರೆ, ಪರೀಕ್ಷೆ ಫೇಲಾದ್ರೆ, ಮದುವೆ ಮುರಿದ್ರೆ ನಾಲ್ಕು ಜನ ಬಂದು ಪಕ್ಕದಲ್ಲಿ ಕೂರ್ತಾರೆ. ಗೆದ್ದವರು ಬೇಜಾರಲ್ಲಿದ್ರೆ ಅದಕ್ಕೆ ನಮ್ಮ ಮನೆಗಳಲ್ಲಿ ಇರೋ ಹೆಸರು ಒಂದೇ: ಕೊಬ್ಬು. ‘ಎಲ್ಲಾ ಕೊಟ್ಟಿದಾನೆ ದೇವ್ರು, ಇನ್ನೇನು ಬೇಕಂತೆ ಇವಳಿಗೆ?’ ಅಮ್ಮ ಹಾಗೆ ಅನ್ನಲಿಲ್ಲ. ಆದರೆ ಅನ್ನಬಹುದು ಅಂತ ನನಗೇ ಅನಿಸಿ ಸುಮ್ಮನಿದ್ದೆ.

ಆ ದಿನಗಳಲ್ಲೇ ಒಂದು ಸಂಜೆ ಆ ಬೇಸ್‌ಮೆಂಟಿನಲ್ಲಿ ‘ಮೈ ಫಾದರ್ಸ್ ಹೌಸ್’ ಕೇಳಿದೆ. ಹಾಡಿನಲ್ಲಿ ಅವನಿಗೆ ಕನಸು ಬೀಳುತ್ತೆ. ಎಚ್ಚರಾಗಿ ಅಪ್ಪನ ಹಳೇ ಮನೆ ಹುಡುಕಿಕೊಂಡು ಹೋಗ್ತಾನೆ. ಬಾಗಿಲು ತೆಗೆದವರು ಬೇರೆ ಯಾರೋ. ಅಂಥವರು ಇಲ್ಲಿಲ್ಲ ಅಂತಾರೆ. ಅಷ್ಟೇ ಕಥೆ. ನನಗೆ ತೀರಿಹೋದ ನನ್ನ ಅಪ್ಪ ನೆನಪಾದರು. ಪ್ರಮೋಷನ್ ಸಿಕ್ಕ ದಿನ ನಾನು ಮೊದಲು ಫೋನ್ ಮಾಡಬೇಕು ಅಂದುಕೊಂಡಿದ್ದು ಅವರಿಗೆ. ಆರು ವರ್ಷದಿಂದ ಆ ಒಂದು ಫೋನಿಗೋಸ್ಕರ ಓಡಿದ್ದೆ. ಆ ಕಡೆ ಎತ್ತೋರೇ ಇಲ್ಲ.

ಎಕ್ಸ್-ರೇ, ಚಿಕಿತ್ಸೆ ಅಲ್ಲ

ಇಲ್ಲಿಗೆ ನಿಲ್ಲಿಸಿದರೆ ಇದು ಚಂದದ ಕಥೆ. ಗೆದ್ದ, ದುಃಖಪಟ್ಟ, ದುಃಖವನ್ನೇ ಹಾಡು ಮಾಡಿದ, ಹಗುರಾದ. ಇನ್‌ಸ್ಟಾಗ್ರಾಂ ರೀಲಿಗೆ ಸರಿಯಾಗಿ ಹೊಂದುತ್ತೆ. ಆದರೆ ಆಗಿದ್ದು ಹಾಗಲ್ಲ.

ಆಲ್ಬಂ ಕೆಲಸ ಮುಗಿದ ಮೇಲೆ ಬ್ರೂಸ್ ಒಬ್ಬ ಗೆಳೆಯನ ಜತೆ ನ್ಯೂಜೆರ್ಸಿಯಿಂದ ಲಾಸ್ ಏಂಜಲೀಸ್ ಕಡೆಗೆ ಕಾರಿನಲ್ಲಿ ಹೊರಟ. ಟೆಕ್ಸಾಸಿನ ಯಾವುದೋ ಸಣ್ಣ ಊರು. ಸಂಜೆ ಹೊತ್ತು. ಅಲ್ಲೊಂದು ಜಾತ್ರೆ ಥರ ನಡೀತಿತ್ತು. ಬ್ಯಾಂಡ್ ನುಡಿಸ್ತಿದೆ, ಜೋಡಿಗಳು ಕುಣೀತಿವೆ, ಮಕ್ಕಳು ಓಡಾಡ್ತಿವೆ. ಕಾರಿನಿಂದ ನೋಡ್ತಿದ್ದವನ ಒಳಗೆ ಏನೋ ಕುಸಿದುಬಿತ್ತು. ತಾನು ಎಂದಿಗೂ ಆ ಗುಂಪಿನೊಳಗೆ ಒಬ್ಬನಾಗೋದಿಲ್ಲ, ಯಾವಾಗಲೂ ಹೊರಗಿನಿಂದ ನೋಡುವವನೇ ಅನ್ನೋ ಹತಾಶೆ ಅವನನ್ನು ಮುಳುಗಿಸಿತು. ಇದನ್ನೂ ಅವನೇ ಬರೆದುಕೊಂಡಿದ್ದಾನೆ. ಲಾಸ್ ಏಂಜಲೀಸ್ ತಲುಪಿದ ಮೇಲೂ ಅದು ಹೋಗಲಿಲ್ಲ. ಕೊನೆಗೆ ಲ್ಯಾಂಡೌಗೆ ಫೋನ್ ಮಾಡಿದ. ಲ್ಯಾಂಡೌ ‘ಒಂದು ಹಾಡು ಬರಿ, ಸರಿ ಹೋಗುತ್ತೆ’ ಅನ್ನಲಿಲ್ಲ. ವೃತ್ತಿಪರ ನೆರವು ಬೇಕು ಅಂದ, ದಾರಿ ಮಾಡಿಕೊಟ್ಟ. ಬ್ರೂಸ್ ಡಾಕ್ಟರ ಎದುರು ಕೂತು ಮೊದಲ ದಿನವೇ ಅತ್ತ. ಆಮೇಲೆ ದಶಕಗಳ ಕಾಲ ಹೋಗುತ್ತಲೇ ಇದ್ದ. ಅರವತ್ತು ದಾಟಿದ ಮೇಲೂ ಖಿನ್ನತೆ ಮತ್ತೆ ಬಂದಿತ್ತು ಅಂತ, ಮಾತ್ರೆ ತಗೊಂಡೆ ಅಂತ ನೇರವಾಗಿ ಹೇಳಿದ್ದಾನೆ.

ಅಂದ್ರೆ ‘ನೆಬ್ರಾಸ್ಕಾ’ ಒಂದು ಎಕ್ಸ್-ರೇ. ಎಲ್ಲಿ ಮುರಿದಿದೆ ಅಂತ ಸ್ಪಷ್ಟವಾಗಿ ತೋರಿಸಿತು. ಮೂಳೆ ಕೂಡಿಸೋದು ಎಕ್ಸ್-ರೇ ಕೆಲಸ ಅಲ್ಲ. ನಮ್ಮ ಪೀಳಿಗೆಗೆ ಈ ವ್ಯತ್ಯಾಸ ಗೊತ್ತಿರೋದು ಒಳ್ಳೇದು. ನಾವು ನೋವನ್ನು ಚಂದವಾಗಿ ಹೇಳೋದರಲ್ಲಿ ಗಟ್ಟಿಗರು. ಜರ್ನಲ್ ಬರೀತೀವಿ, ಸ್ಟೇಟಸ್ ಹಾಕ್ತೀವಿ, ಒಂಟಿಯಾಗಿ ಚಿಕ್ಕಮಗಳೂರಿಗೆ ಬೈಕಿನಲ್ಲಿ ಹೋಗಿ ಬರ್ತೀವಿ. ಹೇಳಿದ ಮಾತ್ರಕ್ಕೆ ವಾಸಿಯಾಯ್ತು ಅಂದುಕೊಳ್ತೀವಿ. ಜಗತ್ತಿನ ಇಷ್ಟು ದೊಡ್ಡ ಹಾಡುಗಾರ ತನ್ನ ಅತ್ಯಂತ ನಿಜವಾದ ಹಾಡುಗಳನ್ನು ಬರೆದ ಮೇಲೂ ಡಾಕ್ಟರ ಹತ್ತಿರ ಹೋಗಬೇಕಾಯಿತು. ನಾನೂ ಹೋದೆ. ಕೌನ್ಸೆಲರ್ ಮೊದಲು ಕೇಳಿದ್ದು ಕೆಲಸದ ಬಗ್ಗೆ ಅಲ್ಲ, ‘ನಿದ್ದೆ ಹೇಗಿದೆ?’ ಅಂತ. ಆ ಒಂದು ಪ್ರಶ್ನೆಯನ್ನು ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ.

1990ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನ ಒಂದು ಕಾರ್ಯಕ್ರಮದಲ್ಲಿ ‘ಮೈ ಫಾದರ್ಸ್ ಹೌಸ್’ ಹಾಡುವ ಮುನ್ನ ಬ್ರೂಸ್ ಒಂದು ವಿಷಯ ಹೇಳಿದ. ತಾನು ರಾತ್ರಿ ಹೊತ್ತು ಸುಮ್ಮನೆ ಕಾರು ತಗೊಂಡು ಚಿಕ್ಕಂದಿನ ಮನೆಗಳ ಮುಂದೆ ಹೋಗಿ ಬರ್ತಿದ್ದೆ. ಯಾಕೆ ಹೀಗೆ ಮಾಡ್ತೀನಿ ಅಂತ ಡಾಕ್ಟರನ್ನು ಕೇಳಿದೆ. ಅಲ್ಲೇನೋ ಕೆಟ್ಟದ್ದು ನಡೆದಿದೆ, ಮತ್ತೆ ಹೋದ್ರೆ ಅದನ್ನು ಸರಿ ಮಾಡಬಹುದು ಅಂತ ನೀವು ಅಂದುಕೊಂಡಿದ್ದೀರಿ, ಆದರೆ ಆಗಲ್ಲ ಅಂದರಂತೆ ಡಾಕ್ಟರು.

ಹಳೇ ಮನೆ ಸರಿ ಮಾಡೋಕೆ ಆಗಲ್ಲ, ನಿಜ. ಆದರೆ ಇನ್ನೊಂದು ಆಯ್ತು. ಅದೇ 1990ರಲ್ಲಿ, ಬ್ರೂಸ್‌ಗೆ ಮೊದಲ ಮಗು ಹುಟ್ಟುವ ಸ್ವಲ್ಪ ಮುಂಚೆ, ಅಪ್ಪ ಹೇಳದೆ ಕೇಳದೆ ಮೈಲುಗಟ್ಟಲೆ ಗಾಡಿ ಓಡಿಸಿಕೊಂಡು ಅವನ ಮನೆಗೆ ಬಂದ. ಎದುರು ಕೂತು, ನೀನು ನಮ್ಮನ್ನು ಚೆನ್ನಾಗಿ ನೋಡಿಕೊಂಡೆ, ನಾನು ನಿನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಳ್ಳಲಿಲ್ಲ ಅನ್ನೋ ಅರ್ಥದ ಮಾತಾಡಿದ. ಅಷ್ಟೇ. ಆ ಅಪ್ಪನಿಗೆ ಅದೇ ಬಹಳ. ಮಗನಿಗೂ ಅದೇ ಸಾಕಾಯ್ತು.

ಕೇಳೋದಾದ್ರೆ ಹೀಗೆ ಕೇಳಿ

ಜಿಮ್ಮಿನಲ್ಲಿ ಬೇಡ, ಮೀಟಿಂಗ್ ಮಧ್ಯೆ ಬೇಡ. ರಾತ್ರಿ, ಇಯರ್‌ಫೋನ್ ಹಾಕಿ. ಪೂರ್ತಿ ಆಲ್ಬಂ ಸುಮಾರು 40 ನಿಮಿಷ, ಸಿಲ್ಕ್ ಬೋರ್ಡಿನ ಸಂಜೆ ಟ್ರಾಫಿಕ್ಕಿಗಿಂತ ಕಡಿಮೆ. ಮೊದಲು ‘ಅಟ್ಲಾಂಟಿಕ್ ಸಿಟಿ’ ಕೇಳಿ, ಅದು ಬೇಗ ಒಳಗೆ ಬಿಟ್ಟುಕೊಳ್ಳುತ್ತೆ. ಆಮೇಲೆ ‘ಯೂಸ್ಡ್ ಕಾರ್ಸ್’. ‘ಮೈ ಫಾದರ್ಸ್ ಹೌಸ್’ ಕೊನೆಗಿರಲಿ. ಮನಸ್ಸು ತೀರಾ ಕುಗ್ಗಿರೋ ದಿನ ಇದನ್ನು ಹಾಕಲೇಬೇಡಿ. ಅಂಥ ದಿನ ಹಾಡಿಗಿಂತ ಮನುಷ್ಯರ ದನಿ ಬೇಕು.

ಗೆಳೆಯರಿಗೆ ಹೇಳೋಕೆ ಮುಜುಗರ ಅನಿಸಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಯಾರೂ ‘ನಿಮಗೇನು ಕಮ್ಮಿಯಾಗಿದೆ?’ ಅಂತ ಕೇಳಲ್ಲ.

ಮತ್ತೆ ನಿಮ್ಮ ಟೀಮಿನಲ್ಲಿ, ನಿಮ್ಮ ಮನೆಯಲ್ಲಿ ಈಚೆಗೆ ಯಾರಾದ್ರೂ ದೊಡ್ಡದೊಂದು ಗೆದ್ದಿದ್ದಾರಾ? ಕೇಕ್ ತಿಂದು, ಫೋಟೊಗೆ ಲೈಕ್ ಒತ್ತಿ ಮುಂದೆ ಹೋಗಿದ್ದೀರಾ? ಎರಡು ವಾರ ಬಿಟ್ಟು ಒಂದು ಫೋನ್ ಮಾಡಿ. ‘ನೆಕ್ಸ್ಟ್ ಏನು?’ ಅಂತ ಕೇಳಬೇಡಿ. ನಿದ್ದೆ ಬರ್ತಿದ್ಯಾ, ಊಟ ಸೇರ್ತಿದ್ಯಾ ಅಂತ ಕೇಳಿ.